ಉಣಕಲ್ ಕೆರೆಯ ಭಾರೀ ನಾವೆ

ಸರಕಾರಿ ಕಚೇರಿಯಲ್ಲಿ ಬರೆಯಲು ಅತ್ಯಂತ ಕಠಿಣವಾದ ಶಬ್ದ ‘ಇಲ್ಲ’ ಎಂಬುದೇ ಆಗಿದೆಯೆಂದು ವಾಚಕ ಮಹಾಶಯರ ಸನ್ನಿಧಿಯಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ‘ಇದೆ’ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ‘ಇಲ್ಲ’ ಎಂದು ಬರೆದರೆ, ಇಲ್ಲದ್ದನ್ನು ಯಾರು ಕಂಡರು, ಎಲ್ಲಿ ನಿಂತು ಕಂಡರು, ಕಂಡವರ ಸಹಿ ಎಲ್ಲಿ ಎಂದು ಕಾಗದ ಮರಳಿ ಬರುತ್ತದೆ. ಇದ್ದ ವಸ್ತುವಿಗೆ ಒಬ್ಬ ಗುಮಾಸ್ತನ ಸಹಿ ಸಾಕು, ಇಲ್ಲದ ವಸ್ತುವಿಗೆ ಐವರು ಪಂಚರ ಸಹಿ ಬೇಕು ಎಂಬುದು ನಮ್ಮ ಕಚೇರಿಯ ರೂಢಿಯಾಗಿತ್ತು. ಈ ರೂಢಿಯಿಂದ ನನಗೊದಗಿದ ಗತಿಯನ್ನು ನಿವೇದಿಸುವುದೇ ಸದರಿ ಲೇಖನದ ಉದ್ದೇಶ. ಅಚ್ಚಿಗೆಂದು ನಾನು ಬರೆಯುತ್ತಿರುವುದು ಇದೇ ಮೊದಲು. ನಡುವೆ ‘ಸದರಿ’, ‘ಮೇಲ್ಕಾಣಿಸಿದ’ ಮುಂತಾದ ಶಬ್ದಗಳು ನುಸುಳಿದರೆ ಕ್ಷಮೆ ಇರಲಿ. ನನಗೆ ಬೇರೆ ಬರವಣಿಗೆ ಬಾರದು. ತವರಿಗೆ ಹೋದ ಹೆಂಡತಿಗೂ ನಾನು ‘ವಿಷಯ: ಮರಳಿ ಬರುವ ಕುರಿತು’ ಎಂದೇ ಬರೆದವನು. ‘ತಮ್ಮ ಪತ್ರ ತಲುಪಿದೆ, ಪರಿಶೀಲನೆಯಲ್ಲಿದೆ’ ಎಂದು ಆಕೆಯೂ ಉತ್ತರಿಸಿದ್ದಳು. ಪರಿಶೀಲನೆ ಎರಡು ತಿಂಗಳು ನಡೆಯಿತು.

ಆಗ ನಾನು ಧಾರವಾಡದ ಒಂದು ಕಚೇರಿಯಲ್ಲಿ ಆರು ವರ್ಷದಿಂದ ಹಂಗಾಮಿ ಗುಮಾಸ್ತನಾಗಿದ್ದೆ. ನನ್ನ ಮಾವನವರು ಹಬ್ಬಕ್ಕೆ ಬಂದಾಗಲೆಲ್ಲ, ಹೋಳಿಗೆಯ ಮೊದಲ ತುತ್ತಿಗೆ ಸರಿಯಾಗಿ, ಕಾಯಂ ಆಯಿತೇ ಎಂದು ಕೇಳುತ್ತಿದ್ದರು. ಹೋಳಿಗೆಯ ರುಚಿಯನ್ನು ನಾನು ಮರೆತೇ ಆರು ವರ್ಷವಾಗಿತ್ತು. ಹೀಗಿರಲು ಮುಂಬಯಿಯ ಕಡೆಯಿಂದ, ದಾರಿಯಲ್ಲಿ ನಾಲ್ಕಾರು ಕಚೇರಿಗಳ ಮುದ್ರೆ ಹೊತ್ತುಕೊಂಡು, ಒಂದು ಸುತ್ತೋಲೆ ಬಂದಿತು. ಸಪಾಟು ತಳದ, ಸರಕು ಹೊರುವ, ದಡದಿಂದ ಹಗ್ಗ ಕಟ್ಟಿ ಎಳೆಯಲ್ಪಡುವ ಭಾರೀ ನಾವೆಗಳು ಒಳನಾಡಿನ ಇಕ್ಕಟ್ಟಾದ ಜಲಮಾರ್ಗಗಳಲ್ಲಿ ಸಂಚರಿಸುವುದರಿಂದ ಸಣ್ಣ ದೋಣಿಗಳಿಗೆ ಅಡ್ಡಿಯಾಗುತ್ತಿದೆಯೆಂದೂ, ಪ್ರತಿಯೊಂದು ಕಚೇರಿಯು ತನ್ನ ಹದ್ದಿನಲ್ಲಿರುವ ಇಂತಹ ನಾವೆಗಳ ತಪಶೀಲನ್ನು ಕಳುಹಿಸತಕ್ಕದ್ದೆಂದೂ ಅದರಲ್ಲಿತ್ತು. ಬೇಸಿಗೆಯಲ್ಲಿ ಬಾವಿಗೆ ಇಳಿಬಿಟ್ಟ ಕೊಡ ಮುಳುಗಿದರೆ ಸಂತೋಷಪಡುವ ಊರು ನಮ್ಮದು. ಆದರೂ ಕೇಳಿದ್ದಕ್ಕೆ ಉತ್ತರ ಹೋಗಲೇಬೇಕು.

ಶಿರಸ್ತೇದಾರರು ನನ್ನನ್ನು ಕರೆದು, ಹದ್ದಿನಲ್ಲಿ ದೋಣಿ ಎನ್ನುವಂಥದ್ದು ಇರುವುದು ಉಣಕಲ್ ಕೆರೆಯೊಂದರಲ್ಲೇ, ಅದೂ ಜೊಂಡು ಕೊಯ್ಯುವವರ ಹರಿಗೋಲುಗಳು ಮಾತ್ರ, ಆದಕಾರಣ ‘ಇಲ್ಲ’ ಎಂದು ಬರೆದು ಪಂಚನಾಮೆ ಮಾಡಿ ತರಬೇಕು ಎಂದು ಅಪ್ಪಣೆ ಮಾಡಿದರು. ಆಮೇಲೆ ದನಿ ತಗ್ಗಿಸಿ, “ಇದೊಂದು ಕಾಗದ ಆಕ್ಷೇಪಣಿ ಇಲ್ಲದ ಪಾರಾಗಲಿ. ನಿಮ್ಮನ್ನ ಕಾಯಂ ಮಾಡ್ಲಿಕ್ಕೆ ನಾನೇ ಶಿಫಾರಸು ಮಾಡ್ತೇನಿ” ಎಂದರು. ನಾನು ಆ ಸಂಜೆಯೇ ಮನೆಯಲ್ಲಿ ಕುಳಿತು ಪಂಚನಾಮೆಯನ್ನು ಪೂರ್ತಿಯಾಗಿ ಬರೆದಿಟ್ಟೆ. ಸ್ಥಳ ನೋಡುವ ಮುಂಚೆ ಬರೆದರೆ ಅಕ್ಷರ ದುಂಡಗೆ ಬರುತ್ತದೆ ಎಂಬುದು ನನ್ನ ಅನುಭವ.

ಮರುದಿನ ಕೆರೆಯ ದಂಡೆಯಲ್ಲಿ ನಾಲ್ವರು ಪಂಚರು ಅರ್ಧ ತಾಸಿನಲ್ಲಿ ಸಹಿ ಹಾಕಿದರು. ಐದನೆಯವನು ಹುಸೇನಸಾಬ. ಜೊಂಡು ಕೊಯ್ದು ಚಾಪೆ ಹೆಣೆದು ಮಾರುವವನು; ಕೆರೆಯ ಮಟ್ಟಿಗೆ ಅವನ ಮಾತೇ ಪ್ರಮಾಣ. ಅವನು ಹರಿಗೋಲಿನಲ್ಲಿ ನೀರಿನ ಮೇಲಿದ್ದಾನೆ, ಈಗ ಬರುತ್ತಾನೆ ಎಂದರು. ಕಾದೆವು. ಬಿಸಿಲೇರಿತು. ಹುಸೇನಸಾಬ ಬರಲಿಲ್ಲ. ಯಾಕೆಂದು ದಂಡೆಯ ಗುಂಟ ನಡೆದು ನೋಡಲಾಗಿ, ಜೊಂಡಿನ ನಡುವಿನ ಕಿರಿದಾದ ನೀರುದಾರಿಯಲ್ಲಿ ಅವನ ಹರಿಗೋಲು ನಿಂತಿತ್ತು. ಅದರ ಎದುರಿಗೆ, ದಾರಿಯ ಎರಡೂ ಮಗ್ಗುಲು ಜೊಂಡನ್ನು ಒತ್ತಿಕೊಂಡು, ಬೆಲ್ಲ ಕುದಿಸುವ ಕಬ್ಬಿಣದ ಕೊಪ್ಪರಿಗೆಯೊಂದು ತೇಲುತ್ತಿತ್ತು.

ಕೊಪ್ಪರಿಗೆ ಕಲ್ಲಪ್ಪಗೌಡರದು. ಕೆರೆಯ ಈಚೆಯ ಗಾಣದಲ್ಲಿ ಬೆಲ್ಲ ತೆಗೆದಾದ ಮೇಲೆ ಅದನ್ನು ಆಚೆಯ ಗಾಣಕ್ಕೆ ಒಯ್ಯಬೇಕು. ಬಂಡಿದಾರಿಯ ಮೋರಿ ಕುಸಿದಿತ್ತು. ಆದಕಾರಣ ಗೌಡರು ಕೊಪ್ಪರಿಗೆಯನ್ನು ನೀರಿಗಿಳಿಸಿ, ಅದರಲ್ಲಿ ಹತ್ತು ಬೆಲ್ಲದ ಪೆಂಟೆಗಳನ್ನೂ ತಮ್ಮನ್ನೂ ಇಟ್ಟು, ದಂಡೆಯಿಂದ ಒಂದು ಕೋಣಕ್ಕೆ ಹಗ್ಗ ಕಟ್ಟಿ ಎಳೆಸುತ್ತಿದ್ದರು. ನಾನು ಸುತ್ತೋಲೆಯನ್ನು ಮನಸ್ಸಿನಲ್ಲಿ ಓದಿಕೊಂಡೆ. ತಳ ಸಪಾಟು. ಸರಕು ಇದೆ. ಹಗ್ಗವಿದೆ. ಕೈಯಲ್ಲಿದ್ದ ಪಂಚನಾಮೆಯನ್ನು ಇನ್ನೊಂದು ಮಡಿಕೆ ಮಡಿಚಿದೆ.

“ನಿಂದು ಬುಟ್ಟಿ, ಹುಸೇನಸಾಬ. ಎತ್ತಿ ತಲಿ ಮ್ಯಾಲ ಇಟಗೊಂಡ್ರೂ ನಡೀತೈತಿ. ನೀ ಹಿಂದಕ್ಕ ಸರಿ” ಎನ್ನುತ್ತಿದ್ದರು ಗೌಡರು.

“ನಿಮ್ಮದು ಒಲಿ ಮ್ಯಾಲ ಇರೋದು, ನೀರಾಗ ಯಾಕ ಬಂತು ಅಂತ ನಾ ಕೇಳೀನೇನ್ರಿ ಗೌಡ್ರ? ಕೋಣಕ್ಕ ಹಿಂದಕ್ಕ ನಡ್ಯಾಕ ಹೇಳ್ರಿ” ಎಂದ ಹುಸೇನಸಾಬ.

ಕೋಣ ಹಿಂದಕ್ಕೆ ನಡೆಯುವ ಪೈಕಿ ಆಗಿರಲಿಲ್ಲ. ಇಬ್ಬರೂ ಬೆಳಗಿನಿಂದ ಹಾಗೆಯೇ ಇದ್ದರಂತೆ. ನಡುವೆ ಒಮ್ಮೆ ಗೌಡರು ಬೆಲ್ಲ ಮುರಿದು ಕೊಟ್ಟದ್ದೂ, ಹುಸೇನಸಾಬ ಎಲೆಅಡಿಕೆ ಕೊಟ್ಟದ್ದೂ ಆಗಿತ್ತು. ಭಾರೀ ನಾವೆಯಿಂದ ಸಣ್ಣ ದೋಣಿಗೆ ಅಡ್ಡಿ ಇಲ್ಲವೆಂದು ಸಹಿ ಹಾಕಬೇಕಾದ ಪಂಚನು, ಭಾರೀ ನಾವೆ ಅಡ್ಡಿಯಾದ ಕಾರಣ ಸಹಿ ಹಾಕಲು ಬರಲಾರದೆ ಇದ್ದಾನೆ ಎಂಬ ಸಂಗತಿ ನನಗೆ ಮೆಲ್ಲಗೆ ಅರ್ಥವಾಯಿತು. ಆದರೆ ಆರು ವರ್ಷದ ಹೋಳಿಗೆ ನನ್ನ ಕಣ್ಣ ಮುಂದಿತ್ತು. ಧೋತರ ಎತ್ತಿಕಟ್ಟಿ, ಗೌಡರ ಕೈ ಹಿಡಿದು, ಕಾಗದ ಸಮೇತ ಕೊಪ್ಪರಿಗೆಯನ್ನು ಹತ್ತಿದೆ. ಅಂಚಿನ ಮೇಲಿಂದ ಲೆಕ್ಕಣಿಕೆಯನ್ನು ಚಾಚಿ, ಇಲ್ಲಿಯೇ ಸಹಿ ಮಾಡಬೇಕೆಂದು ಬೇಡಿಕೊಂಡೆ. ಓದಿಸಿ ಕೇಳದೆ ಸಹಿ ಹಾಕುವುದಿಲ್ಲ ಎಂದ ಹುಸೇನಸಾಬ. ಆದ್ದರಿಂದ ನಾನು ಬೆಲ್ಲದ ಪೆಂಟೆಗಳ ನಡುವೆ ನಿಂತು, ಈ ಕೆರೆಯಲ್ಲಿ ಯಾವುದೇ ಭಾರೀ ನಾವೆಯು ಹಿಂದೆ ಸಂಚರಿಸಿದ್ದಿಲ್ಲ, ಈಗ ಸಂಚರಿಸುತ್ತಿಲ್ಲ, ಎಂದು ಸ್ಪಷ್ಟವಾಗಿ ಓದಿದೆ.

ಅವನು ಕೊನೆಯವರೆಗೆ ಕೇಳಿ, ತಲೆದೂಗಿದ. “ಓದಿದ್ದು ಭಾಳ ಛಲೋ ಐತ್ರಿ ರಾಯರ. ಆದ್ರ ನೀವು ಎದರಾಗ ನಿಂತು ಓದಾಕತ್ತೀರಿ?”

ದಂಡೆಯ ಮೇಲೆ ನಾಲ್ವರು ಪಂಚರು ನಗತೊಡಗಿದರು. ನಕ್ಕಾದ ಮೇಲೆ ನಾಲ್ವರೂ ತಮ್ಮ ಸಹಿಗಳನ್ನು ಮರಳಿ ಕೇಳಿದರು. ಬೇರೆ ದಾರಿ ಕಾಣದೆ ಪಂಚನಾಮೆಯನ್ನು ಹರಿದೆ. ಭಾರೀ ನಾವೆ: ಒಂದು. ಎಳೆಯುವ ಸಾಧನ: ಕೋಣ. ಅಡ್ಡಿ: ಉಂಟು. ಸೂಚಿಸಿದ ನಿಯಮ: ದೊಡ್ಡದು ಸಣ್ಣದಕ್ಕೆ ದಾರಿ ಬಿಡತಕ್ಕದ್ದು. ಇಷ್ಟನ್ನು ಬರೆದು, ನನ್ನೊಬ್ಬನ ಸಹಿ ಹಾಕಿ ಕಳುಹಿಸಿ, ಕೆಲಸ ಹೋಯಿತೆಂದು ಮನೆಯಲ್ಲಿ ತಿಳಿಸಿಬಿಟ್ಟೆ.

ಕೆಲಸ ಹೋಗಲಿಲ್ಲ. ಉಳಿದ ಎಲ್ಲ ಕಚೇರಿಗಳೂ ‘ಇಲ್ಲ’ ಎಂದು ಬರೆದು ಆಕ್ಷೇಪಣೆಗಳಲ್ಲಿ ಮುಳುಗಿದ್ದಾಗ ನಮ್ಮ ಕಚೇರಿಯ ಕಾಗದವೊಂದೇ ತೇಲಿತಂತೆ. ಸದರಿ ನಾವೆಯ ಮೇಲೆ ನಿಗಾ ಇಡಲು ನನ್ನನ್ನು ಕಾಯಂ ಮಾಡಲಾಗಿದೆಯೆಂದೂ, ಪ್ರತಿವರ್ಷ ಸಂಚಾರದ ವರದಿ ಕಳುಹಿಸತಕ್ಕದ್ದೆಂದೂ, ನಾವೆಯ ಸಂಚಾರ ನಿಂತ ದಿನ ಹುದ್ದೆಯೂ ರದ್ದಾಗತಕ್ಕದ್ದೆಂದೂ ಹುಕುಮು ಬಂದಿತು. ಮಾವನವರು ಮೊದಲ ಎರಡು ವಾಕ್ಯಗಳನ್ನು ಮಾತ್ರ ಓದಿ ಆನಂದಬಾಷ್ಪ ಸುರಿಸಿದರು. ಮುಂದಿನ ವರ್ಷ ಮೋರಿ ದುರಸ್ತಿಯಾಯಿತು. ಕೊಪ್ಪರಿಗೆ ಬಂಡಿಯೇರಿತು.

ಅಂದಿನಿಂದ ವರ್ಷಕ್ಕೊಮ್ಮೆ ನಾನು ಉಣಕಲ್ಲಿಗೆ ಹೋಗಿ, ಒಂದು ದಿನದ ಮಟ್ಟಿಗೆ ಕೊಪ್ಪರಿಗೆಯನ್ನು ನೀರಿಗಿಳಿಸಿರೆಂದು ಗೌಡರ ಕಾಲು ಹಿಡಿಯುತ್ತೇನೆ. ಬರಿದಾದ ಕೊಪ್ಪರಿಗೆ ಗಾಳಿಗೆ ವಾಲುತ್ತದೆ, ಬೆಲ್ಲವನ್ನು ನೆನೆಸಲಾರೆ, ನೀವೇ ಕುಳಿತುಕೊಳ್ಳಿರಿ ಎಂದು ಅವರು ಕರಾರು ಹಾಕಿದ್ದಾರೆ. ಹುಸೇನಸಾಬ, ಪಾಪ, ಕೆಲಸ ಬಿಟ್ಟು ಎದುರಿಗೆ ಬಂದು ಅಡ್ಡಿಗೊಳಗಾಗುತ್ತಾನೆ. ನನ್ನ ನಿಯಮದ ಪ್ರಕಾರ ನಾನೇ ಜೊಂಡಿನೊಳಗೆ ಸರಿದು ದಾರಿ ಬಿಡುತ್ತೇನೆ. ಮೊದಲ ಸಲ ನಾನು ವರದಿಯಲ್ಲಿ ಸರಕು ‘ಬೆಲ್ಲ’ ಎಂದು ಬರೆಯಹೊರಟಾಗ ಅವನು ಹರಿಗೋಲಿನಿಂದಲೇ ಬಗ್ಗಿ ನೋಡಿ, ಇಲ್ಲದ್ದನ್ನು ಇದೆ ಎಂದು ಬರೆಯುವುದು ತಪ್ಪಲ್ಲವೇ ಎಂದು ಕೇಳಿದ. ತಪ್ಪೇ. ಆದಕಾರಣ ಅಂದಿನಿಂದ ಆ ಕಲಮಿನಲ್ಲಿ ಸತ್ಯವನ್ನೇ ಬರೆಯುತ್ತ ಬಂದಿದ್ದೇನೆ, ಈವರೆಗೆ ಒಂದು ಆಕ್ಷೇಪಣೆಯೂ ಬಂದಿರುವುದಿಲ್ಲ. ಸರಕು: ಗುಮಾಸ್ತ, ಕಾಯಂ, ಒಂದು.