ಹಂಪಣ್ಣ ಶಾಂತನಾದ ದಿನ

ಹಿಂಗಾರಿ ಚಳಿ ಬಿದ್ದಿತ್ತು. ಎರೆ ಹೊಲಗಳಲ್ಲಿ ಕಡಲೆ ಗೇಣುದ್ದ ಎದ್ದು ಕುಡಿ ಚಿವುಟುವ ಹದಕ್ಕೆ ಬಂದಿತ್ತು. ಸಜ್ಜೆ ರಾಶಿ ಮುಗಿಸಿದ ಮನೆಯವರು ಹೊಸ ಸಜ್ಜೆಯ ರೊಟ್ಟಿ ತಿನ್ನುವ ಆಸೆಗೆ ಬುಟ್ಟಿ, ಡಬ್ಬಿ, ಚೀಲ ಹೊತ್ತುಕೊಂಡು ಹೊತ್ತು ಮೂಡುವ ಮೊದಲೇ ಹಂಪಣ್ಣನ ಗಿರಣಿಯ ಮುಂದೆ ಪಾಳಿ ಹಚ್ಚುತ್ತಿದ್ದರು. ಹನುಮಸಾಗರದ ರಸ್ತೆ ಬಿಟ್ಟು ಒಳಗೆ ಬಂದರೆ ಸಿಗುವ ಆ ಸಣ್ಣ ಊರಿಗೆ ಇದ್ದದ್ದು ಅದೊಂದೇ ಗಿರಣಿ.

ಇಂಥ ಹೊತ್ತಿನಲ್ಲೇ ಹಂಪಣ್ಣನ ಎಡಗಡೆಯ ದವಡೆ ಹಲ್ಲು ಕೆರಳಿ ಕೂತಿತು.

ಮೊದಲೇ ಅವನ ದನಿ ದೊಡ್ಡದು. ಮದುವೆಗಿಂತ ಮುಂಚಿನಿಂದಲೂ ಗಿರಣಿಯ ಸದ್ದಿನ ಮೇಲೆ ಕೂಗಿ ಮಾತಾಡಿ, ಮೆಲ್ಲಗೆ ಮಾತಾಡುವುದು ಹೇಗೆಂಬುದೇ ಅವನಿಗೆ ಮರೆತುಹೋಗಿತ್ತು. "ಊಟ ಆತೇನ" ಎಂದು ಪ್ರೀತಿಯಿಂದ ಕೇಳಿದರೂ ಎದುರಿಗಿದ್ದವರು ಹಿಂದೆ ಸರಿಯುತ್ತಿದ್ದರು. ಅದರ ಮೇಲೆ ದಿನವೂ ಪಾಳಿಯ ಜಗಳ, ಹಿಟ್ಟು ತರಿತರಿಯಾಯಿತೆಂಬ ತಕರಾರು, ಹೇಳದೆ ಕೇಳದೆ ಹೋಗುವ ಕರೆಂಟು. ಈಗ ಹಲ್ಲೂ ಸೇರಿಕೊಂಡಿತು.

ಹಿಂದಿನ ಸಂಜೆ ಹನುಮಸಾಗರಕ್ಕೆ ಹೋಗಿ ಹಲ್ಲಿನ ಡಾಕ್ಟರಮ್ಮ ಶಾಂಭವಿಯ ಮುಂದೆ ಬಾಯಿ ತೆರೆದಿದ್ದ. ಆಕೆ ತೋಳಿಗೆ ಪಟ್ಟಿ ಸುತ್ತಿ, ಮಷಿನ್ ನೋಡಿ, ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು.

"ಬಿಪಿ ಇಷ್ಟಿದ್ದಾಗ ಹಲ್ಲು ಕೀಳಾಕ ಬರಂಗಿಲ್ಲರಿ. ಮೊದಲ ದೊಡ್ಡ ಡಾಕ್ಟರಿಗೆ ತೋರಿಸ್ರಿ, ಗುಳಿಗಿ ಕೊಡ್ತಾರ."

ಗುಳಿಗೆ ಎಂದೊಡನೆ ಹಂಪಣ್ಣನ ಎದೆ ಹಾರಿತು. ಅವನ ಲೆಕ್ಕದಲ್ಲಿ ಬಿಪಿ ಗುಳಿಗೆಯೂ ಮದುವೆಯೂ ಒಂದೇ. ಒಮ್ಮೆ ಆಯಿತೆಂದರೆ ನಡುವೆ ಬಿಡುವಂತಿಲ್ಲ.

"ಇದು ಬಿಪಿ ಅಲ್ರಿ ಮೇಡಂ. ಗಿರಣಿ ಟೆನ್ಶನ್."

"ಟೆನ್ಶನ್ನಂದ್ರ ನಾಳಿ ಒಂದಿನ ಗಿರಣಿ ಬಂದ್ ಮಾಡಿ ಆರಾಮ ಇರ್ರಿ. ಚಾ ಕಮ್ಮಿ ಮಾಡ್ರಿ, ಸಿಟ್ಟು ಕಮ್ಮಿ ಮಾಡ್ರಿ. ಸಂಜೀಕೆ ಬರ್ರಿ, ಇಳಿದಿದ್ರ ಕೀಳ್ತೀನಿ. ಇಳೀಲಿಲ್ಲಂದ್ರ ದೊಡ್ಡ ಡಾಕ್ಟರು ಗತಿ. ನಾಡದ ನಾ ತಂಗಿ ಮದುವಿಗೆ ಹೊಂಟೀನಿ. ಬರೋದು ಎಳ್ಳಮಾಸಿ ಆದಮ್ಯಾಲೆ."

ಎಳ್ಳಮಾವಾಸ್ಯೆಯವರೆಗೆ ಈ ಹಲ್ಲು ಇಟ್ಟುಕೊಂಡು ಬದುಕುವುದು ಸಾಧ್ಯವೇ ಇಲ್ಲ. ಹಾಗಾಗಿ ಮರುದಿನ ಗಿರಣಿಗೆ ಬೀಗ ಹಾಕಿ, ಸಂಜೆಯೊಳಗೆ ಏನಾದರೂ ಮಾಡಿ ಶಾಂತನಾಗಬೇಕೆಂದು ಹಂಪಣ್ಣ ಹಲ್ಲು ಕಚ್ಚಿ ನಿರ್ಧರಿಸಿದ. ಕಚ್ಚಿದ ಕೂಡಲೇ ಅಯ್ಯೋ ಎಂದ.

ಬೆಳಗಿನ ಜಾವ ಮೊದಲು ಸಿಕ್ಕವನು ಈಶಪ್ಪ. ಅಂಚೆ ಹಂಚುವ ಕೆಲಸದಿಂದ ನಿವೃತ್ತನಾದ ಮೇಲೆ ಅವನು ಮೊಬೈಲಿನಲ್ಲಿ ಬರುವ ಆರೋಗ್ಯದ ಮಾತುಗಳನ್ನು ಮನೆಮನೆಗೆ ಹಂಚುತ್ತಿದ್ದ.

"ಇಬ್ಬನಿ ಬಿದ್ದ ಹಸರು ಹುಲ್ಲಿನ ಮ್ಯಾಲೆ ಬರಿಗಾಲಿಲೆ ಅಡ್ಡಾಡೋ ಹಂಪಣ್ಣ. ಅಂಗಾಲಾಗಿಂದ ತಂಪು ಏರತೈತಿ, ನೆತ್ತಿ ಬಿಸಿ ಇಳೀತೈತಿ."

"ನಮ್ಮೂರಾಗ ಹಸರು ಹುಲ್ಲ ಎಲ್ಲೈತ್ರಿ ಕಾಕಾ? ದನಕ್ಕ ಸಿಗವಲ್ದು."

"ಹಸರಿದ್ರ ಸಾಕು. ಹುಲ್ಲಾದ್ರೇನು, ಕಡ್ಲಿ ಆದ್ರೇನು."

ಊರ ಪಕ್ಕದ ಹಸಿರೆಂದರೆ ಕಳಕಮ್ಮನ ಕಡಲೆ ಹೊಲ. ಹಂಪಣ್ಣ ಚಪ್ಪಲಿ ಬದುವಿನಲ್ಲಿ ಬಿಟ್ಟು ಒಳಗಿಳಿದ. ಮೊದಲು ತಂಪೇ ಆಯಿತು. ಆದರೆ ಕಡಲೆ ಗಿಡದ ಇಬ್ಬನಿ ಬರೀ ನೀರಲ್ಲ, ಹುಳಿ. ಹಿಂದಿನವರು ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಆ ಹುಳಿಯನ್ನು ಹೊಟ್ಟೆನೋವಿಗೆ ಇಡುತ್ತಿದ್ದರು. ಅದು ಹಂಪಣ್ಣನ ಒಡೆದ ಹಿಮ್ಮಡಿಯ ಸೀಳುಗಳಿಗೆ ಇಳಿದದ್ದೇ, ಅವನು ಕಾದ ಹಂಚಿನ ಮೇಲೆ ಬಿದ್ದ ಜೋಳದ ಕಾಳಿನಂತೆ ಜಿಗಿಯತೊಡಗಿದ.

ಕಳಕಮ್ಮ ಗುಡಿಸಲಿನಿಂದ ಹೊರಗೆ ಬಂದು ಹಣೆಗೆ ಕೈ ಹಚ್ಚಿ ನೋಡಿದಳು. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಮಾತು ಕಡಿಮೆ.

"ಹೊತ್ತ ಮೂಡೂದಕ್ಕ ನನ್ನ ಹೊಲದಾಗ ಯಾಕ ಕುಣಿಯಾಕತ್ತೀಪಾ ಹಂಪಣ್ಣ?"

"ಬಿಪಿ ಇಳಸಾಕತ್ತೀನಿ ಅತ್ತಿ."

"ಬದುವಿನ ಮ್ಯಾಲೆ ನಿಂತ ಇಳಸು. ಗಿಡ ಮುರೀತಾವ."

ಕಾಲು ತೊಳೆದುಕೊಂಡು ಊರೊಳಗೆ ಬಂದರೆ ಕಿರಾಣಿ ಅಂಗಡಿಯ ಕುಬೇರಪ್ಪ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿಕೊಂಡು ಕಾಯುತ್ತಿದ್ದ. ಈಶಪ್ಪ ಸುದ್ದಿಯನ್ನು ಅಲ್ಲಿಗೂ ಮುಟ್ಟಿಸಿದ್ದ.

"ಕಾಲಾಗ ಏನೂ ಇಲ್ಲ ಮಾರಾಯಾ," ಎಂದ ಕುಬೇರಪ್ಪ. "ನಗಬೇಕು. ಭಾಗ್ಯನಗರದಾಗ ನಮ್ಮ ಅಳಿಯ ದಿನಾ ಮುಂಜಾನಿ ಹತ್ತು ಮಂದಿ ಕೂಡ ನಿಂತ ನಗ್ತಾನ. ಯಾಕ ನಗ್ತೀರಿ ಅಂತ ಕೇಳಂಗಿಲ್ಲ. ಬಾಯಿ ಪೂರಾ ತಗದು, ಹೊಟ್ಟಿ ಹಿಡಕೊಂಡು ನಗೋದು. ಅಂವಗ ಬಿಪಿ ಅನ್ನೂದ ಗೊತ್ತಿಲ್ಲ."

ಎಲ್ಲರೂ ಸೇರಿ ನಕ್ಕರು. ಹಂಪಣ್ಣನೂ ಬಾಯಿ ಪೂರಾ ತೆರೆದ. ಹಿಂಗಾರಿ ಗಾಳಿ ನೇರ ಹೋಗಿ ಹಲ್ಲಿನ ತೂತಿನಲ್ಲಿ ಕೂತಿತು. ಅವನ ಹಾ ಹಾ ಅರ್ಧಕ್ಕೆ ಅಯ್ಯಯ್ಯೋ ಆಗಿ, ಕೆನ್ನೆ ಹಿಡಿದು ಸುತ್ತು ತಿರುಗಿದ. ಇಷ್ಟು ಛಲೋ ನಗುವವನನ್ನು ಅವರಾರೂ ನೋಡಿರಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಬೆಳಗ್ಗೆ ಕಟ್ಟೆಯ ಮೇಲಿದ್ದವರೆಲ್ಲರ ಬಿಪಿ ಇಳಿದಿರಬೇಕು, ಹಂಪಣ್ಣನದೊಂದನ್ನು ಬಿಟ್ಟು.

ಮನೆಗೆ ಬಂದಾಗ ಹೆಂಡತಿ ಶರಣಬಸಮ್ಮ ಅವನ ಮುಖ ನೋಡಿಯೇ ಕಟ್ಟಪ್ಪಣೆ ಮಾಡಿದಳು.

"ಇನ್ನ ಯಾರ ಮಾತೂ ಕೇಳಬ್ಯಾಡ್ರಿ, ಯಾರ ಕೂಡೂ ಮಾತಾಡಬ್ಯಾಡ್ರಿ. ಜಳಕ ಮಾಡಿ ಕಣ್ಣ ಮುಚ್ಚಿ ಕುಂದರ್ರಿ. ಮೌನಕ್ಕಿಂತ ದೊಡ್ಡ ಔಷಧ ಇಲ್ಲ."

ಅವನು ಜಳಕ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಪಡಸಾಲೆಯ ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ ಕೂತ. ಆಕೆ ಕಾಯಿಸಿದ ಉಪ್ಪಿನ ಗಂಟನ್ನು ಕೆನ್ನೆಗಿಟ್ಟು, ಜಾರದಂತೆ ಬಿಳಿ ಟವೆಲಿನಿಂದ ಗದ್ದದ ಕೆಳಗಿಂದ ನೆತ್ತಿಯವರೆಗೆ ಬಿಗಿದು ಕಟ್ಟಿ, ಬಾಗಿಲು ತೆರೆದೇ ಬಿಟ್ಟು ನೀರು ತರಲು ನಳಕ್ಕೆ ಹೋದಳು.

ಅದೇ ಹೊತ್ತಿಗೆ ಕೆಳಗಿನ ಓಣಿಯ ಕಸ್ತೂರೆಮ್ಮ ಬುಟ್ಟಿ ಹೊತ್ತು ಬಂದಳು. ಬಸುರಿ ಮಗಳ ಕುಬುಸದ ಕಾರ್ಯ ಹತ್ತಿರ ಬಂದಿತ್ತು. ಸಜ್ಜೆಯ ಜೊತೆಗೆ ಒಂದು ಚೀಲ ಒಣ ಮೆಣಸಿನಕಾಯಿಯನ್ನೂ ತಂದಿದ್ದಳು. ನೋಡಿದರೆ ಗಿರಣಿಗೆ ಬೀಗ. ಹಂಪಣ್ಣನ ಅಪ್ಪ ತೀರಿದ ದಿನ ಬಿಟ್ಟರೆ ಹಗಲು ಹೊತ್ತಿನಲ್ಲಿ ಆ ಗಿರಣಿಗೆ ಬೀಗ ಬಿದ್ದದ್ದನ್ನು ಊರು ಕಂಡಿರಲಿಲ್ಲ. ಚೀಲವನ್ನು ಗಿರಣಿಯ ಕಟ್ಟೆಯ ಮೇಲಿಟ್ಟು, ಗಿರಣಿಗೆ ಹತ್ತಿಕೊಂಡೇ ಇದ್ದ ಹಂಪಣ್ಣನ ಮನೆಯೊಳಗೆ ಇಣುಕಿದಳು.

ಆ ಓಣಿಯವರು ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗದ್ದ ಬೀಳದಂತೆ ಬಟ್ಟೆ ಬಿಗಿದು, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಕಸ್ತೂರೆಮ್ಮ ಕಂಡದ್ದು ಅಕ್ಷರಶಃ ಅದನ್ನೇ.

"ಯಪ್ಪಾ ಹಂಪಣ್ಣಾ," ಎಂದು ಹೊಸ್ತಿಲಲ್ಲೇ ಕುಸಿದು ರಾಗ ತೆಗೆದಳು. "ನಿನ್ನೆ ಇನ್ನ ನನ್ನ ಕೂಡ ಪಾಳಿ ಸಲುವಾಗಿ ಜಗಳ ಆಡಿದ್ಯಲ್ಲೋ. ಇವತ್ತ ನಿನ್ನ ಪಾಳಿ ಬಂತಲ್ಲೋ."

ಹಂಪಣ್ಣನಿಗೆ ಕೇಳಿಸಿತು. ಮೌನ ಮುರಿಯಬಾರದೆಂದು ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದ. ಅಳು ಕೇಳಿ ಓಣಿ ಓಡಿ ಬಂತು. ಈಶಪ್ಪ ಟೋಪಿ ತೆಗೆದ. ಕುಬೇರಪ್ಪ, "ಈಗ ನನ್ನ ಮುಂದ ನಕ್ಕ ಹೋದ್ನಲ್ಲಪಾ" ಎಂದು ಅಂಗಡಿಗೆ ತಂದಿಟ್ಟಿದ್ದ ಚೆಂಡುಹೂವಿನ ಮಾಲೆಯನ್ನೇ ಹಿಡಿದು ಬಂದ. ಮಂದಿ ಕೂಡಿದಷ್ಟೂ ಕಸ್ತೂರೆಮ್ಮನ ರಾಗ ಏರಿತು.

"ತೂಕದಾಗ ಹೊಡಿತಿದ್ರೂ ಹಿಟ್ಟು ಸಣ್ಣಗ ಬೀಸ್ತಿದ್ಯಲ್ಲೋ ಯಪ್ಪಾ..."

"ಯಾವಾಕಿ ಅದು, ನಾ ತೂಕದಾಗ ಹೊಡಿಯಾಂವ?"

ಹೆಣ ಗಿರಣಿಯ ದನಿಯಲ್ಲಿ ಗುಡುಗಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಕಸ್ತೂರೆಮ್ಮ ಬುಟ್ಟಿ ಬಿಟ್ಟು ಹಾರಿದಳು. ಕುಬೇರಪ್ಪ ಮಾಲೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಬದುಕಿದ್ದು ಛಲೋ ಆತು ಬಿಡು, ಆದ್ರ ಹಿಂಗ ಒದರಬಾರದು, ಬಿಪಿ ಏರತೈತಿ" ಎಂದ.

ಹಂಪಣ್ಣ ಟವೆಲು ಕಿತ್ತೆಸೆದು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಮನುಷ್ಯರ ದನಿ ಕೇಳದ ಕಡೆಗೆ ಹೋಗಬೇಕಿತ್ತು. ಕಾಲು ತಾನಾಗಿ ಕಳಕಮ್ಮನ ಹೊಲಕ್ಕೇ ಎಳೆದು ತಂದಿತು.

ಬಿಸಿಲೇರಿ ಇಬ್ಬನಿ ಆರಿತ್ತು. ಕಳಕಮ್ಮನೂ ಊರಿನ ರಾಜಾಬೀಯೂ ಸಾಲು ಹಿಡಿದು ಕೂತು ಕಡಲೆಯ ಕುಡಿ ಚಿವುಟುತ್ತಿದ್ದರು. ಅವನು ಬಂದದ್ದನ್ನು ಕಂಡರೂ ಏನಾಯಿತೆಂದು ಇಬ್ಬರೂ ಕೇಳಲಿಲ್ಲ. ರಾಜಾಬೀ ಮಾತ್ರ ಎಲೆ ಅಡಿಕೆಯ ಚೀಲದಿಂದ ಒಂದು ಲವಂಗ ತೆಗೆದು, "ಹಲ್ಲಿನ್ಯಾಗ ಇಟಗೋ ಅಣ್ಣಾ" ಎಂದಳು.

ಸುಮ್ಮನೆ ಕೂತವನ ಕೈ ಸುಮ್ಮನಿರದೆ ಪಕ್ಕದ ಗಿಡದ ಕುಡಿ ಚಿವುಟಿತು. ಆಮೇಲೆ ಅದರ ಪಕ್ಕದ್ದು. ಎರಡು ಬೆರಳಿನ ನಡುವೆ ಎಳೆ ಕುಡಿ ಟಿಕ್ ಎಂದು ಮುರಿಯುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಸದ್ದಿರಲಿಲ್ಲ. ಬೆರಳ ತುದಿ ಹುಳಿಯಾಯಿತು. ಬೆನ್ನ ಮೇಲೆ ಬಿಸಿಲು ಹಳೆಯ ಕೌದಿಯಂತೆ ಹಿತವಾಗಿ ಬಿದ್ದಿತ್ತು. ದೂರದಲ್ಲಿ ಯಾರದೋ ಕುರಿ ಹಿಂಡು ಎರೆ ದಾಟುತ್ತಿತ್ತು. ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ತಿರುಗುವಾಗ, ಹಲ್ಲು ನೋಯುತ್ತಿಲ್ಲವೆಂಬುದೂ ಬಹಳ ಹೊತ್ತಿನಿಂದ ತಾನು ಯಾರ ಮೇಲೂ ಸಿಟ್ಟಾಗಿಲ್ಲವೆಂಬುದೂ ಅವನಿಗೆ ಒಟ್ಟಿಗೇ ಹೊಳೆಯಿತು. ಅವನ ಕೈಯ ಚುರುಕನ್ನು ಕಳಕಮ್ಮ ಓರೆಗಣ್ಣಿನಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ನನಗ ಊರಾಗ ಒಂದ ಕೆಲಸ ಐತಿ" ಎಂದು ಎದ್ದು ಹೋದಳು.

ಹೊತ್ತು ಇಳಿಯುವಾಗ ಹಂಪಣ್ಣ ಹೊಲದಿಂದಲೇ ನೇರ ರಸ್ತೆಗೆ ನಡೆದು, ಅಸ್ಲಮನ ಆಟೋ ಹತ್ತಿ ಹನುಮಸಾಗರಕ್ಕೆ ಹೋದ. ಶಾಂಭವಿ ಪಟ್ಟಿ ಸುತ್ತಿದಳು, ಮಷಿನ್ ನೋಡಿದಳು, ನಂಬದೆ ಇನ್ನೊಮ್ಮೆ ಸುತ್ತಿದಳು.

"ಭಾಳ ಛಲೋ ಇಳದೈತಿ. ಏನ ಮಾಡಿದ್ರಿ?"

"ಕಡ್ಲಿ ಚಿವುಟಿದ್ನಿರಿ," ಎಂದ. ಅಷ್ಟು ಮೆಲ್ಲಗೆ ಅಂದನೆಂದರೆ ಆಕೆ ಬಗ್ಗಿ ಕೇಳಬೇಕಾಯಿತು.

ಕುರ್ಚಿ ಹಿಂದಕ್ಕೆ ವಾಲಿತು. ಸೂಜಿಗೆ ಔಷಧ ತುಂಬಿತು. ಹಂಪಣ್ಣ ಕಣ್ಣು ಮುಚ್ಚಿ, ಕಡಲೆ ಹೊಲ ನೆನೆಯುತ್ತ, ಬಾಯಿ ತೆರೆದ. ಅಷ್ಟರಲ್ಲಿ ಕಿಸೆಯ ಫೋನು ಹೊಡೆದುಕೊಂಡಿತು. ಶರಣಬಸಮ್ಮ.

"ರೀ, ಹಲ್ಲ ಕಿತ್ತಾರೇನ್ರಿ?"

"ಈಗ ಕೀಳ್ತಾರ. ಹಿಂದ ಅದೇನ ಸಪ್ಪಳ?"

"ಗಿರಣೀರಿ."

"ಗಿರಣಿ ಯಾರ ಚಾಲೂ ಮಾಡಿದ್ರು?"

"ಕಳಕಮ್ಮತ್ತಿ. ನೀವು ಆಕಿ ಹೊಲದಾಗ ದುಡದ್ರಂತಲ್ಲ. ಮುಯ್ಯಿ ತೀರಸಾಕ ಬಂದೀನಿ, ಕೀಲಿ ಕೊಡು ಅಂದ್ಳು. ನೀವ ಕಳಸಿರಬೇಕಂತ ಕೊಟ್ಟೆ."

ಆ ಊರಲ್ಲಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿದರೆ ಕೂಲಿ ಕೊಡುವುದಿಲ್ಲ. ದುಡಿದವರ ಹೊಲಕ್ಕೆ ಹೋಗಿ ಅಷ್ಟೇ ದುಡಿದು ಕೊಡುತ್ತಾರೆ. ಅದು ಮುಯ್ಯಿ. ಹಂಪಣ್ಣನಿಗೆ ಹೊಲವಿರಲಿಲ್ಲ. ಇದ್ದದ್ದು ಗಿರಣಿ.

"ಸರಿಯಾಗಿ ಬೀಸಾಕತ್ತಾಳಿಲ್ಲೋ?"

ಆ ಕಡೆ ಗಿರಣಿಯ ಸದ್ದು ಏರಿತು. ನಡುವೆ ಯಾರೋ ಸೀನಿದರು.

"ಕಸ್ತೂರೆಮ್ಮ ಮೆಣಸಿನಕಾಯಿ ಇಟ್ಟ ಹೋಗಿದ್ಲಲ್ರಿ ಕಟ್ಟಿ ಮ್ಯಾಲೆ..."

"ಅವು ಮೂಲಿಯಾಗಿನ ಖಾರದ ಮಷಿನಿಗೆ ಹಾಕೂವು."

"ಸಜ್ಜಿ ಬೀಸೋದಕ್ಕ ಹಾಕ್ಯಾಳ್ರಿ. ಅದರ ಬೆನ್ನ ಹಿಂದ ಊರಮಂದಿ ಸಜ್ಜಿ ಎಲ್ಲಾ ಬೀಸ್ಯಾಳ. ಹಿಟ್ಟು ಕುಂಕುಮ ಆಗೇತಿ. ಎಲ್ಲಾರೂ ಸೀನಕೋತ ಮನಿ ಮುಂದ ನಿಂತಾರ, ನಿಮ್ಮನ್ನ ಕೇಳಾಕತ್ಯಾರ."

ಹಂಪಣ್ಣನ ಬಾಯಿಂದ ಹೊರಟ ಸದ್ದಿಗೆ ತಟ್ಟೆಯಲ್ಲಿದ್ದ ಇಕ್ಕಳಗಳು ಅಲುಗಿದವು. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಹಲ್ಲುನೋವು ಮರೆತು ಎದ್ದು ಹೋದ. ಶಾಂಭವಿ ಮತ್ತೆ ತೋಳಿಗೆ ಪಟ್ಟಿ ಸುತ್ತಿ, ಮಷಿನ್ ನೋಡಿ, ಸೂಜಿಯನ್ನು ಕೆಳಗಿಟ್ಟಳು.

"ನಿನ್ನೆಕಿಂತ ಮ್ಯಾಲೈತಿ. ನಾಳಿ ತಪ್ಪದ ದೊಡ್ಡ ಡಾಕ್ಟರಿಗೆ ತೋರಿಸ್ರಿ. ಹಲ್ಲಿಂದು ಎಳ್ಳಮಾಸಿ ಆದಮ್ಯಾಲೆ ನೋಡೋಣು."

ಊರಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಓಣಿಯ ಗಾಳಿಯೆಲ್ಲ ಘಾಟು. ಬೈಯಲು ನಿಂತಿದ್ದವರಿಗೆ ಸೀನು ಬಿಡುವು ಕೊಡದೆ ಬೈಗುಳ ಪೂರ್ತಿ ಆಗುತ್ತಿರಲಿಲ್ಲ. ಗಿರಣಿಯ ಮೆಟ್ಟಿಲ ಮೇಲೆ ಕಳಕಮ್ಮ ಅಡಿಯಿಂದ ಮುಡಿಯವರೆಗೆ ಹಿಟ್ಟಾಗಿ, ಕಣ್ಣು ಕೆಂಪಾಗಿ, ಬಹಳ ತೃಪ್ತಿಯಿಂದ ಕೂತಿದ್ದಳು.

"ಬಾ ತಮ್ಮಾ. ನಿನ್ನ ಮುಯ್ಯಿ ತೀರಿತು. ಹಲ್ಲ ಕಿತ್ತಾರೇನು?"

"ಇಲ್ಲತ್ತಿ. ಬಿಪಿ ಏರೇತಿ."

"ಅದಕ್ಯಾಕ ಚಿಂತಿ ಮಾಡ್ತಿ. ಕಡ್ಲಿ ಇನ್ನ ಅರ್ಧ ಹೊಲ ಐತಿ. ನಾಳಿ ಬಂದ ಕುಂದ್ರು. ಎಲ್ಲಾ ಇಳೀತೈತಿ."

ಆ ಬಿಸಿಲು, ಆ ಟಿಕ್ ಟಿಕ್ ಸದ್ದು ಹಂಪಣ್ಣನ ಕಣ್ಣ ಮುಂದೆ ಬಂದವು. ಆಸೆಯಾಯಿತು. ಎರಡೂ ಕೈ ಜೋಡಿಸಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬರ್ತೀನತ್ತಿ. ಖರೆ, ಮುಯ್ಯಿ ಮಾತ್ರ ಬ್ಯಾಡ. ನನ್ನ ದುಡಿಮಿ ನಿನ್ನ ಮ್ಯಾಲೆ ಹಂಗ ಬಾಕಿ ಇರ್ಲಿ. ನಾ ಯಾವತ್ತೂ ಕೇಳಂಗಿಲ್ಲ."

ಕಳಕಮ್ಮನ ಮುಖ ಬಿಗಿಯಿತು.

"ಗಂಡ ಹೋದಾಗಿಂದ ಯಾರ ದುಡಿಮೀನೂ ಬಾಕಿ ಇಟಗೊಂಡಾಕಿ ಅಲ್ಲ ನಾ. ಇವತ್ತ ಅರ್ಧ ದಿನ ಬಂದಿದ್ದಿ, ಅರ್ಧ ದಿನ ಬೀಸೀನಿ. ನಾಳಿ ಪೂರಾ ದಿನ ಬಾ, ಪೂರಾ ದಿನ ಬೀಸ್ತೀನಿ. ಆ ಮೂಲಿಯಾಗ ಇನ್ನೊಂದ ಮಷಿನ್ ಐತೆಲ್ಲ, ಅದನ್ನ ಮುಟ್ಟಾಕ ಇವತ್ತ ಹೊತ್ತ ಸಾಲಲಿಲ್ಲ."

ಹಾಗೆಂದು ಎದ್ದು, ಸೆರಗಿನ ಹಿಟ್ಟು ಝಾಡಿಸಿ, ಯಾರ ಹಂಗೂ ಇಲ್ಲದವಳಂತೆ ತಲೆ ಎತ್ತಿಕೊಂಡು, ಸೀನುತ್ತ ಓಣಿ ದಾಟಿದಳು.