ಮೂರು ಇಂಚಿನ ನ್ಯಾಯ

ತಿಪಟೂರಿನ ಟೈಲರ್ ನಜೀರ್ ಅಹಮದ್ ಸಾಹೇಬರು ಅಂಗಡಿ ಮುಚ್ಚಿ ವರ್ಷಗಳಾದರೂ ಕೊರಳ ಟೇಪು ಇಳಿಸಿರಲಿಲ್ಲ. (ಮದುವೆಮನೆಗೂ ಅದನ್ನು ಹಾಕಿಕೊಂಡೇ ಹೋಗುತ್ತಿದ್ದರು.) ಅಂಥವರನ್ನು ಮಗಳು ಮೆಹರೀನ್ ನ್ಯಾಯಾಧೀಶರ ಪೀಠಕ್ಕೇ ಏರಿಸಿಬಿಟ್ಟಳು. ಅವಳು ಹೊಲಿಗೆ ತರಬೇತಿ ಕೇಂದ್ರವೊಂದಕ್ಕೆ ಆನ್‌ಲೈನ್ ಪಾಠ ತಯಾರಿಸುತ್ತಿದ್ದಳು. ಪರೀಕ್ಷೆಯ ಪ್ರಶ್ನೆ, ಉತ್ತರ ಎರಡೂ ಸಾಹೇಬರವೇ.

“ಅಬ್ಬಾ, ಟೈಪ್ ಮಾಡಿದ ಉತ್ತರ ಸ್ವಲ್ಪ ಆಚೀಚೆ ಇದ್ರೂ ಸರಿ ಅಂತ ಒಪ್ಕೊಳ್ಳೋ ಹಾಗೆ ಮಾಡ್ಬೋದು. ಎಷ್ಟು ಇಂಚಿನವರೆಗೆ ಇಡ್ಲಿ?” ಎಂದು ಅಪ್ಪನನ್ನು ಕೇಳಿದಳು.

“ಸೊನ್ನೆ ಇಡು. ಸುಮಾರು ಅನ್ನೋದು ತಪ್ಪಿನ ತಮ್ಮ ಕಣಮ್ಮ.”

ಅದೇ ಕೇಂದ್ರದಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಸಾಹೇಬರ ಹೆಂಡತಿ ಖತೀಜಾ ಬೀ ಅರ್ಜಿ ಹಾಕಿದ್ದರು. ಗಂಡನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಾಜಾ, ಗುಂಡಿ ಹಾಕುತ್ತಲೇ ಆಯುಷ್ಯ ಕಳೆದವರಿಗೆ ಮೊದಲ ಸಲ ಸ್ವಂತ ಕುರ್ಚಿಯ ಆಸೆ. ಈ ಪರೀಕ್ಷೆ ಪಾಸಾದರೆ ಕುರ್ಚಿ. ಸಾಹೇಬರು ಒಂದು ಪ್ರಶ್ನೆಯ ಸುಳಿವೂ ಕೊಡಲಿಲ್ಲ. ತಾವು ಸುಳಿವು ಕೊಡದಿದ್ದುದನ್ನು ಮಾತ್ರ ಬೀದಿಗೆಲ್ಲ ಹೇಳಿದರು.

ಪರೀಕ್ಷೆಯ ದಿನ ಮನೆಯಲ್ಲೇ ಮೊಬೈಲಿನಲ್ಲಿ ಮೊದಲ ಪ್ರಶ್ನೆ ಬಂತು: ಬೆಳೆಯುವ ಹುಡುಗಿಯ ಯೂನಿಫಾರಂ ಲಂಗದ ಅಂಚಿನಲ್ಲಿ ಎಷ್ಟು ಇಂಚು ಬಟ್ಟೆ ಒಳಕ್ಕೆ ಮಡಿಸಿ ಬಿಡಬೇಕು?

ಖತೀಜಾ ಬೀ ಸೆರಗಿನ ಮೇಲೆ ನಾಲ್ಕು ಬೆರಳಿಟ್ಟು ನೋಡಿ, ಮೂರೂಕಾಲು ಎಂದು ಒತ್ತಿದರು. ಕೆಂಪು ಗುರುತು. ಸರಿಯುತ್ತರ ಮೂರು. ಮುಂದಿನವೂ ಹಾಗೇ, ಕೂದಲೆಳೆಯಷ್ಟು ಆಚೆ ಈಚೆ. ಫೇಲ್. (ಮನುಷ್ಯನನ್ನು ಫೇಲು ಮಾಡಲು ಇನ್ನೊಬ್ಬ ಮನುಷ್ಯ ಎದುರು ಕೂರಬೇಕಾದ ಮರ್ಯಾದೆಯೂ ಈಗ ಉಳಿದಿಲ್ಲ.)

“ಯಾರ್ರೀ ಈ ಉತ್ತರ ಬರೆದ ಪುಣ್ಯಾತ್ಮ?” ಖತೀಜಾ ಬೀ ಗೊತ್ತಿದ್ದೇ ಗಂಡನನ್ನು ಕೇಳಿದರು.

“ಅಳತೆ ಅಂದ್ರೆ ಅಳತೆ ಕಣೇ.”

“ಓಹೋ. ಜೂನ್ ತಿಂಗ್ಳಲ್ಲಿ ಹಳ್ಳಿಯೋರು ಶೆಟ್ಟಿಕೆರೆ ಬಸ್ಸಿಳಿದು ಮಕ್ಕಳನ್ನ ಕರ್ಕೊಂಡು ಬತ್ತಿದ್ರಲ್ಲ, ಆಗ ಈ ಟೇಪು ನಿಮ್ಮ ಕೊರಳಲ್ಲಿ ಉಯ್ಯಾಲೆ ಆಡ್ತಿತ್ತು. ನಾಲ್ಕು ಬೆರಳಿಟ್ಟು, ‘ಇಷ್ಟು ಬಿಟ್ಟಿದ್ದೀನಿ ಕಣಮ್ಮ, ಮುಂದಿನ್ವರ್ಷ ಬಿಚ್ಚಿಸ್ಕೊಂಡು ಹೋಗು’ ಅಂತಿದ್ದೋರು ಯಾರು? ಬಿಚ್ಚಿ ಕೊಡ್ತಿದ್ದೋಳು ನಾನು.”

ಸಾಹೇಬರಿಗೆ ಆ ಜೂನ್‌ಗಳು ಕಣ್ಣಿಗೆ ಕಟ್ಟಿದವು. ಹೊಸ ನೀಲಿ ಬಟ್ಟೆಯ ಗಂಜಿ ವಾಸನೆ. ಕೊಬ್ಬರಿ ಚೂರು ಜಗಿಯುತ್ತ ಬಾಗಿಲಲ್ಲಿ ನಿಂತ ಮಕ್ಕಳು. ಮರುವರ್ಷ ಅದೇ ಲಂಗ. ಮಡಿಕೆ ಬಿಚ್ಚಿದ ಕಡೆ ಮಾತ್ರ ಬಣ್ಣ ಮಾಸದ ಕಡುನೀಲಿ ಪಟ್ಟಿ. ಹುಡುಗಿ ಎಷ್ಟು ಬೆಳೆದಳೆಂದು ಅದನ್ನು ನೋಡಿಯೇ ಊರಿಗೆ ಗೊತ್ತಾಗುತ್ತಿತ್ತು.

“ಅಬ್ಬಾ, ನೀವೂ ಒಂದ್ಸಲ ಬೆರಳಿಡಿ,” ಎಂದಳು ಮೆಹರೀನ್. ಇಟ್ಟರು. ಅವಳು ಟೇಪು ಹಿಡಿದಳು. ಮೂರೂವರೆ.

“ನನ್ಗಿಂತ ದೊಡ್ಡ ಫೇಲು,” ಎಂದರು ಖತೀಜಾ ಬೀ.

ಸಾಹೇಬರು ಕೆಮ್ಮಿದರು. “ಅರ್ಧ ಇಂಚು ಆಚೀಚೆ ಒಪ್ಕೋ ಮೆಹರೀನ್. ನಿಮ್ಮಮ್ಮಿ ಒಬ್ಬಳಿಗಲ್ಲ, ಬರೆಯೋರಿಗೆಲ್ಲ. ಲಂಗಕ್ಕೇ ಮಡಿಕೆ ಬಿಡ್ತಿದ್ದೋನು, ಮನುಷ್ಯರಿಗೆ ಬಿಡಬಾರದಾ?”

ಎರಡನೇ ಸಲ ಖತೀಜಾ ಬೀ ಪಾಸಾದರು, ಕುರ್ಚಿಯೂ ಸಿಕ್ಕಿತು. ಮೊದಲ ದಿನ ಹೊರಡುವಾಗ, ಊಟಕ್ಕೆ ಒಂದು ಗಂಟೆಗೆ ಬತ್ತೀನಿ ಎಂದು ಹೇಳಿ ಹೋದರು. ಒಂದಾಯಿತು, ಎರಡಾಯಿತು. ಸಾಹೇಬರು ಟೇಪನ್ನು ಹೊಟ್ಟೆಗೆ ಸುತ್ತಿ ನೋಡಿಕೊಂಡರು. ಒಂದಿಂಚು ಇಳಿದ ಹಾಗಿತ್ತು. ಮೂರಕ್ಕೆ ಖತೀಜಾ ಬೀ ಬಂದರು.

“ಒಂದು ಗಂಟೆ ಅಂದಿದ್ಯಲ್ಲೇ?”

“ಮಡಿಕೆ ಬಿಟ್ಟು ಹೇಳಿದ್ದೆ ಕಣ್ರೀ,” ಎಂದರು ಚಪ್ಪಲಿ ಬಿಡುತ್ತ. “ನಾಳೆಯಿಂದ ಅನ್ನಕ್ಕೆ ನೀವೇ ಇಡಿ. ನೀರು ಅಳೆಯೋಕೆ ಟೇಪು ಬೇಕಿಲ್ಲ, ಬೆರಳಿದ್ರೆ ಸಾಕು.”

ಮರುದಿನ ಸಾಹೇಬರ ಕೊರಳಿಂದ ಟೇಪು ಇಳಿಯಿತು. ಆ ಜಾಗಕ್ಕೆ ಅಡುಗೆಮನೆಯ ಮಸಿಬಟ್ಟೆ ಬಂತು.