ಅನ್ನಪೂರ್ಣವ್ವನ ಇಪ್ಪತ್ತೊಂದನೆಯ ಚಂದ್ರ

ಸಂಕಷ್ಟಿಯ ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ ಹುಟ್ಟಬೇಕಾಗಿದ್ದ ಚಂದ್ರ ಎಕ್ಕಂಬಿಯ ಮಟ್ಟಿಗೆ ಹುಟ್ಟಲೇ ಇಲ್ಲ. ಹುಟ್ಟಿದ್ದನೋ ಏನೋ, ಮೋಡದ ಆಚೆ ನಡೆದದ್ದು ಯಾರಿಗೆ ಗೊತ್ತು? ಊರಿನ ಉಪವಾಸದವರೆಲ್ಲ ಕ್ಯಾಲೆಂಡರಿನ ಹೊತ್ತು ನೋಡಿ, ಕತ್ತಲಿಗೇ ಕೈ ಮುಗಿದು, ಉಂಡು ಮಲಗಿದರು. ಅನ್ನಪೂರ್ಣವ್ವ ಮಾತ್ರ ಉಣ್ಣಲಿಲ್ಲ. ಬೆಳಗ್ಗೆ ಏಳಕ್ಕೆ ಸೊಸೆ ಶಿವರಂಜನಿ ಉಪ್ಪಿಟ್ಟು ತಂದರೆ ಅದನ್ನೂ ದೂಡಿದಳು.

“ಚಂದ್ರನ್ನ ನೋಡೇ ಉಣ್ತೀನಿ ಅಂತ ಗಣಪ್ಪಗ ಮಾತು ಕೊಟ್ಟೀನಿ. ಇದು ಇಪ್ಪತ್ತೊಂದನೇ ಸಂಕಷ್ಟಿ, ಕಡೀದು. ಇದು ತಪ್ಪಿತಂದ್ರ ಮತ್ತ ಒಂದರಿಂದ ಸುರು ಮಾಡ್ತೀನಿ.”

“ಗುಳಿಗಿ ತಗೋಬೇಕಲ್ಲ ಅತ್ತಿ! ಖಾಲಿ ಹೊಟ್ಟೀಲೆ ಹೆಂಗ ತಗೋತೀರಿ?”

“ಗುಳಿಗಿನೂ ಕಾಯ್ಲಿ.”

ಮುದುಕಿಗೆ ಎಪ್ಪತ್ತೊಂದು. ಸಕ್ಕರೆ ಕಾಯಿಲೆ ಬೇರೆ. ಎಂಟು ದಿನದ ಹಿಂದಷ್ಟೇ ಬಲಗಣ್ಣಿನ ಪೊರೆ ತೆಗೆಸಿದ್ದರು. ಬಿಸಿಲಿಗೆ ಬರಬೇಡಿ, ತಲೆ ಎತ್ತಿ ಮೇಲೆ ನೋಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯಲ್ಲೇ ಕೂತಿದ್ದಳು. ಹಟ ಮಾತ್ರ ಕನ್ನಡಕದ ಹೊರಗೂ ಚೆನ್ನಾಗಿ ಕಾಣುತ್ತಿತ್ತು.

ಮಗ ಮಧುಕೇಶ್ವರ ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡ. ತಾಯಿಯ ಹೊಟ್ಟೆಯ ಚಿಂತೆ ಇದ್ದೇ ಇತ್ತು, ಇಲ್ಲವೆಂದರೆ ಪಾಪ ಬಂದೀತು. ಆದರೆ ಅವನು ಶಿರಸಿಯ ಒಂದು ಸೊಸೈಟಿಯಲ್ಲಿ ಹದಿನೈದು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿದ್ದ ಗುಮಾಸ್ತ. ಬಡ್ತಿಯ ಪಟ್ಟಿ ಈ ತಿಂಗಳು ಬರುವುದಿತ್ತು. ಹರಕೆ ಯಾತಕ್ಕೆಂದು ಅವ್ವ ಯಾರಿಗೂ ಹೇಳಿರಲಿಲ್ಲ, ಬಾಯಿ ಬಿಟ್ಟರೆ ಫಲವಿಲ್ಲವಂತೆ. ಹೇಳದಿದ್ದರೇನು, ತನ್ನ ಬಡ್ತಿಗೇ ಅಂತ ಇವನು ಯಾವತ್ತೋ ತೀರ್ಮಾನ ಮಾಡಿಕೊಂಡುಬಿಟ್ಟಿದ್ದ. ಇಪ್ಪತ್ತು ಸಂಕಷ್ಟಿ ನೀರಿನಲ್ಲಿ ಹೋಮ ಆಗುವುದೆಂದರೆ ಸಣ್ಣ ಮಾತೇ?

ಅಂಗಳಕ್ಕೆ ಬಂದು ಪಡುವಣ ದಿಕ್ಕಿಗೆ ನೋಡುತ್ತಾನೆ, ಎದುರು ಮನೆ ದೇವಕ್ಕನ ಹೆಂಚಿನ ಮಾಡಿನ ಮೇಲೆ, ಎರಡು ಮೋಡಗಳ ಸಂದಿಯಲ್ಲಿ ಚಂದ್ರ! ರಾತ್ರಿ ಪಾಳಿ ಮುಗಿಸಿದ ಬಸ್ ಕಂಡಕ್ಟರಿನ ಹಾಗೆ ಬಿಳಿಚಿಕೊಂಡಿದ್ದ.

“ಅವ್ವಾ, ಚಂದ್ರ ಇನ್ನೂ ಮುಳುಗಿಲ್ಲ! ಫೋಟೋ ಹಿಡದು ತರ್ತೀನಿ. ನೀ ಒಳಗ ಕುಂತೇ ನೋಡು.”

“ತಗೊಂಬಾ. ಆ ಫೋನು ಒಂದ್ ಸಲರ ಉಪಯೋಗಕ್ಕ ಬರ್ಲಿ,” ಎಂದಳು ಅನ್ನಪೂರ್ಣವ್ವ.

ಅವ್ವ ಹಾಗೆ ಅಂದದ್ದಕ್ಕೆ ಕಾರಣವಿತ್ತು. ಮಧುಕೇಶ್ವರನ ಮನೆಯಲ್ಲಿ ದೋಸೆ ಫೋಟೋ ಆದಮೇಲೆಯೇ ದೋಸೆ ಆಗುತ್ತಿತ್ತು. ಮಲಗಿದ ನಾಯಿ, ಆಕಳಿಸುವ ಹೆಂಡತಿ, ತೊಟ್ಟಿಕ್ಕುವ ನಲ್ಲಿ, ಎಲ್ಲವೂ ‘ಶುಭೋದಯ’ ಎಂಬ ಅಕ್ಷರ ಹೊತ್ತು ಹನ್ನೊಂದು ಗ್ರೂಪುಗಳಿಗೆ ಹೋಗುತ್ತಿದ್ದವು. ಇಂಥವನಿಗೆ ಒಂದು ಚಂದ್ರ ಯಾವ ಲೆಕ್ಕ?

ಚಂದ್ರನಿಗೆ ಈ ವಿಷಯ ಗೊತ್ತಿರಲಿಲ್ಲ. ಫೋನು ಎತ್ತುವಷ್ಟರಲ್ಲಿ ಘಟ್ಟ ಹತ್ತಿ ಬಂದ ಒಂದು ಮೋಡ ಅವನನ್ನು ನುಂಗಿತು. ಅದು ಸರಿದರೆ ಇನ್ನೊಂದು. ಮಧ್ಯದಲ್ಲಿ ಸಿಕ್ಕಿದ್ದೂ ಅನ್ನದ ಅಗುಳಿನಷ್ಟೇ. ದೊಡ್ಡದು ಮಾಡಿ ಹಿಡಿಯಹೋದರೆ ಕೈ ನಡುಗಿ ಚಂದ್ರ ಚೌಕಟ್ಟಿನಿಂದಲೇ ಜಾರಿಬೀಳುತ್ತಿದ್ದ. ಅತ್ತೆ ಉಣ್ಣದೆ ಸೊಸೆ ಉಣ್ಣಳು, ಹೆಂಡತಿ ಉಣ್ಣದೆ ಗಂಡನಿಗೆ ಬಡಿಸಳು, ಹೀಗಾಗಿ ಇವನ ಹೊಟ್ಟೆಯೂ ತಾಳ ಹಾಕುತ್ತಿತ್ತು.

ಕೈಗೆ ಆಸರೆ ಬೇಕೆಂದು ಕಂಪೌಂಡ್ ಗೋಡೆ ಹತ್ತಿ ಫೋನು ಗುರಿಯಿಟ್ಟ. ಆ ಗುರಿಯ ಕೆಳತುದಿಗೆ ದೇವಕ್ಕ ಹೊಸದಾಗಿ ಕಟ್ಟಿದ ತಗಡಿನ ಬಚ್ಚಲುಮನೆ ಬರುತ್ತಿತ್ತು. ಅದು ರಸ್ತೆಗೆ ಎರಡು ಅಡಿ ಬಂದಿದೆಯೆಂದು ಹೋದ ವಾರವಷ್ಟೇ ಯಾರೋ ತಕರಾರು ಕೊಟ್ಟಿದ್ದರು. ಕಸಬರಿಗೆ ಹಿಡಿದೇ ದೇವಕ್ಕ ಹೊರಬಿದ್ದಳು.

“ಓಹೋ! ತಕರಾರು ಕೊಟ್ಟಾಂವ ನೀನ ಏನು? ತಗಿ, ನನ್ನ ಬಚ್ಚಲದ ಫೋಟೋ ಎಷ್ಟು ತಗೀತಿ ತಗಿ! ನಾನೂ ನಿಂತ್ಕೊಳ್ಳಲ್ಯಾ?”

“ಅಯ್ಯ ದೇವಕ್ಕಾ, ಬಚ್ಚಲದ್ದಲ್ಲ. ಚಂದ್ರಂದು.”

“ಎಂಟಾತು, ಬಿಸಿಲು ಬೀಳಾಕ ಹತ್ತೈತಿ. ಈಗೆಲ್ಲಿ ಚಂದ್ರನೋ?”

“ಅಲ್ಲೇ, ನೋಡು...” ಎಂದು ಬೆರಳು ತೋರಿಸಿದ. ಬೆರಳ ತುದಿಯಲ್ಲಿ ಬರೀ ಮೋಡವಿತ್ತು. ಎಂಥಾ ಪಜೀತಿ! ಅದೇ ಹೊತ್ತಿಗೆ ಪೇಪರು ಹಿಡಿದು ಬಂದ ನಿವೃತ್ತ ಶಿಕ್ಷಕ ಮನೋಹರ ಮಾಸ್ತರರು ನಡುವೆ ಬಾರದಿದ್ದರೆ ಕಸಬರಿಗೆ ಗೋಡೆ ಹತ್ತುತ್ತಿತ್ತು.

ಮಾಸ್ತರರು ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿ, ಬೇರೆಯೇ ಗಂಟು ಹಾಕಿದರು. “ಅಲ್ಲೋ ಮಧುಕೇಶ್ವರ, ನಮ್ಮ ಲೆಕ್ಕದಾಗ ದಿನ ಬದಲಾಗೋದು ಸೂರ್ಯ ಹುಟ್ಟಿದಾಗ. ಸಂಕಷ್ಟಿ ನಿನ್ನೆಗೇ ಮುಗೀತು. ಈಗ ಕಾಣೋದು ಇವತ್ತಿನ ಚಂದ್ರ. ಅದನ್ನ ನೋಡಿ ನಿನ್ನಿ ಉಪಾಸ ಹೆಂಗ ಬಿಡ್ತೀರಿ?”

ಉತ್ತರ ಕೊಟ್ಟವಳು ದೇವಕ್ಕ. “ಏನ್ರೀ ಮಾಸ್ತರ್ರ, ಸೂರ್ಯ ಹುಟ್ಟಿದ ಅಂತ ಚಂದ್ರ ಅಂಗಿ ಬದಲ್ ಮಾಡ್ಕೊಂಡ್ ಬರ್ತಾನೇನ್ರಿ? ರಾತ್ರಿ ಹುಟ್ಟ್ಯಾನ, ಇನ್ನೂ ಮುಳುಗಿಲ್ಲ. ಅಂದಮ್ಯಾಲೆ ಅಂವ ನಿನ್ನ್ಯಾಂವ!”

“ಹಂಗಂದ್ರೂ ಒಂದ್ ರೀತಿ ಖರೇನ,” ಎಂದು ಮಾಸ್ತರರು ಯೋಚನೆಗೆ ಬಿದ್ದರು. ತಾನು ಹಿಡಿಯುತ್ತಿರುವುದು ನಿನ್ನೆಯ ಚಂದ್ರನನ್ನೋ ಇವತ್ತಿನವನನ್ನೋ ಎಂದು ಮಧುಕೇಶ್ವರನಿಗೆ ಕೊನೆಗೂ ತಿಳಿಯಲಿಲ್ಲ.

ಯಲ್ಲಾಪುರದಲ್ಲಿದ್ದ ತಂಗಿ ಶೈಲಾಗೆ ಫೋನು ಹಚ್ಚಿದ. ಅಲ್ಲಿ ಮೋಡ ಹರಿದಿತ್ತು. ಅವಳು ಎರಡೇ ನಿಮಿಷದಲ್ಲಿ ಚಂದ್ರನ ಫೋಟೋ ಕಳಿಸಿಯೂಬಿಟ್ಟಳು. ಇವನು ಒಳಗೆ ಓಡಿದ.

“ಇದು ಯಾರು ಹಿಡದಿದ್ದು?” ಎಂದು ಅವ್ವ ಕೇಳಿದಳು.

“ಶೈಲಾ ಕಳಿಸ್ಯಾಳ.”

“ಬ್ಯಾಡ. ನೀನ ಹಿಡದು ತರಬೇಕು. ನಿಂದ ಫೋನಿನಾಗ.”

ಹರಕೆ ತನ್ನದೇ ಬಡ್ತಿಯದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಮಧುಕೇಶ್ವರ ಹುರುಪಿನಿಂದ ಮತ್ತೆ ಗೋಡೆ ಹತ್ತಿದ. ತೆಳ್ಳಗಿನ ಮೋಡದ ಹಿಂದೆ ಬೆಳ್ಳಗೆ, ದುಂಡಗೆ ಏನೋ ಕಂಡಿತು. ಪಟಪಟನೆ ಒತ್ತಿದ. ನೋಡಿದರೆ ಎಂಥಾ ಚಂದ್ರ! ಕೂಗುತ್ತಲೇ ಒಳಗೆ ಹೋದ.

ಅನ್ನಪೂರ್ಣವ್ವ ಎಡಗಣ್ಣಿನಿಂದ ಬಹಳ ಹೊತ್ತು ನೋಡಿದಳು. “ಇದು ಪೂರಾ ದುಂಡಗೈತಿ. ಸಂಕಷ್ಟಿ ಚಂದ್ರ ಒಂದು ಬದಿ ಸವದಿರ್ತಾನ. ಮತ್ತ ಇದರ ಮ್ಯಾಲೆ ಕಾಗಿ ಯಾಕ ಕುಂತೈತೋ?”

ಹಿಂದೆ ಇಣುಕಿದ ದೇವಕ್ಕ ಹೇಳಿದಳು, “ಅದು ನಮ್ಮ ಟಿವಿ ಡಿಶ್ಶು.”

ಒಂಬತ್ತು ಹೊಡೆಯಿತು. ಚಂದ್ರ ಮುಳುಗಲು ಇನ್ನು ಅರ್ಧ ಗಂಟೆಯೆಂದು ಮಾಸ್ತರರು ಹೇಳಿದರು. ಮುದುಕಿ ಕೂತಲ್ಲಿಯೇ ಚಾಪೆಯ ಮೇಲೆ ಉರುಳಿಕೊಂಡಳು. ಅದನ್ನು ಕಂಡಮೇಲೆ ಮಧುಕೇಶ್ವರನಿಗೆ ಬಡ್ತಿಯೂ ಮರೆತುಹೋಯಿತು. ಅವ್ವನಿಗೆ ಏನಾದರೂ ಆದರೆ ಎಂದು ಅಳುವೇ ಬಂತು. ಗೋಡೆಯಿಂದ ಇನ್ನು ಚಂದ್ರ ಕಾಣುವಂತಿರಲಿಲ್ಲ, ಅಷ್ಟು ಕೆಳಗಿಳಿದಿದ್ದ. “ನನ್ನ ಮಾಡ ಹತ್ತು. ಹೆಂಚು ಒಡದ್ರ ಒಡೀಲಿ, ಮುದುಕಿ ಉಣ್ಲಿ,” ಎಂದು ದೇವಕ್ಕನೇ ಏಣಿ ಇಟ್ಟಳು. ಮಾಸ್ತರರು ಏಣಿ ಹಿಡಿದರು. ಏಳು ಹೆಂಚು ಒಡೆದು ಮಧುಕೇಶ್ವರ ಮಾಡಿನ ನೆತ್ತಿಗೆ ತಲುಪಿದ.

ಅಲ್ಲಿ ಕೂತು ಅವನು ಮೋಡಗಳನ್ನು ಬೈದ, ಬೇಡಿಕೊಂಡ, ಗಣಪ್ಪನನ್ನೂ ಕರೆದ. ಬೂದುಮೋಡ ಹೋಗಿ ಬಿಳಿಮೋಡ ಬಂತು, ಅದು ಹಿಂಜಿ ಎಳೆಯೆಳೆಯಾಯಿತು. ಎಳೆಗಳ ನಡುವೆ ಒಂದು ತುಂಡು ನೀಲಿ ಬಿಚ್ಚಿಕೊಂಡಿತು, ಅದರೊಳಗೆ ಒಂದು ಬದಿ ಸವೆದ ಚಂದ್ರ. ಮಧುಕೇಶ್ವರ ಉಸಿರು ಬಿಗಿಹಿಡಿದು ಒತ್ತಿದ. ಮರುಕ್ಷಣ ಮೋಡ ಮುಚ್ಚಿತು. ಚಂದ್ರ ಮತ್ತೆ ಕಾಣಲಿಲ್ಲ.

ಆ ಫೋಟೋ ನೋಡಿ ದೇವಕ್ಕ ಒಡೆದ ಹೆಂಚು ಎಣಿಸುವುದನ್ನೇ ಬಿಟ್ಟಳು. ಅಷ್ಟು ಚೆಂದ ಬಂದಿತ್ತು. ಅನ್ನಪೂರ್ಣವ್ವ ಫೋನನ್ನು ಮಣೆಯ ಮೇಲಿಡಿಸಿ, ಗಾಜಿಗೆ ಕುಂಕುಮ ಹಚ್ಚಿ, ಅಕ್ಷತೆ ಹಾಕಿ, ತಟ್ಟೆಯಲ್ಲಿ ನೀರು ಬಿಟ್ಟು ಕೈಮುಗಿದಳು. ಆಮೇಲೆ ಉಂಡಳು. ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು, ಗುಳಿಗೆ ನುಂಗಿ, ನಿರಾಳವಾಗಿ ಗೋಡೆಗೆ ಒರಗಿದಳು. ಎಲ್ಲರಿಗೂ ತಟ್ಟೆ ಬಂತು. ಮಧುಕೇಶ್ವರ ಒಂದು ಕೈಯಲ್ಲಿ ಉಪ್ಪಿಟ್ಟು ತಿನ್ನುತ್ತ, ಇನ್ನೊಂದು ಕೈಯಲ್ಲಿ ಚಂದ್ರನನ್ನು ಹನ್ನೊಂದೂ ಗ್ರೂಪಿಗೆ ಕಳಿಸಿದ.

“ಅವ್ವಾ, ಹರಕಿ ಮುಗೀತಲ್ಲ. ಈಗರ ಹೇಳು, ನನ್ನ ಪ್ರಮೋಷನ್ ಸಲುವಾಗಿ ಹೌದಲ್ಲ?”

“ಯಾವ ಪ್ರಮೋಷನ್ನು?” ಅವ್ವನಿಗೆ ಆಶ್ಚರ್ಯವಾಯಿತು. “ನೀ ಈ ಫೋನು ತಂದು ಎರಡು ವರ್ಷಾತು. ಅವತ್ತಿಂದ ನನ್ನ ಮಾರಿ ನೋಡಿ ಒಂದು ಮಾತಾಡಿಲ್ಲ. ಕಣ್ಣು ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗನೂ ನೀ ಫೋಟೋ ತಗದಿ ಹೊರತು ಕಾಣ್ತೈತೇನವ್ವಾ ಅಂತ ಕೇಳಲಿಲ್ಲ. ನನ್ನ ಮಗನ ಕೈಯಿಂದ ಈ ಫೋನು ಬಿಡಸಪ್ಪಾ ಅಂತ ಇಪ್ಪತ್ತೊಂದು ಸಂಕಷ್ಟಿ ಹರಕಿ ಹೊತ್ತಿದ್ದೆ. ನೀನ ಮುಗಿಸಿ ಕೊಟ್ಟಿ.”

ಮಧುಕೇಶ್ವರ ತಟ್ಟೆ ಕೆಳಗಿಟ್ಟು ಫೋನನ್ನು ಎದೆಗೆ ಒತ್ತಿಕೊಂಡ. “ಅವ್ವಾ! ಚಂದ್ರನ್ನ ತೋರಿಸಿದ್ದು ಇದ ಫೋನು ಅಲ್ಲೇನು?”

“ಹೌದಲ್ಲ. ಇನ್ನ ಅದರ ಕೆಲಸ ಮುಗೀತು. ಕೊಡು.”

ಮಾಸ್ತರರ ಕಡೆ ನೋಡಿದ. ಅವರು ತಟ್ಟೆ ನೋಡಿಕೊಂಡರು. ಹೆಂಡತಿಯ ಕಡೆ ನೋಡಿದ. ಶಿವರಂಜನಿ ಅದಾಗಲೇ ಅಕ್ಕಿಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ನಿಂತಿದ್ದಳು. ಕೊಡುವುದಿಲ್ಲ ಎಂದರೆ ಗಣಪ್ಪನಿಗೆ ಮೋಸ, ಮುದುಕಿ ಮತ್ತೆ ಒಂದರಿಂದ ಶುರು. ಕುಂಕುಮ ಹಚ್ಚಿದ ಫೋನನ್ನು ಅವನೇ ಡಬ್ಬಿಯೊಳಗೆ ಇಳಿಬಿಟ್ಟ. ಮಾತಾಡಲು ಇದು ಸಾಕೆಂದು ಅವ್ವ ತನ್ನ ಗುಂಡಿ ಒತ್ತುವ ಸಣ್ಣ ಫೋನನ್ನು ಅವನ ಮುಂದೆ ದೂಡಿದಳು.

ಮುಚ್ಚಳ ಬಿದ್ದದ್ದೇ ತಡ, ಡಬ್ಬಿ ಟುಣ್ಣೆಂದಿತು. ಮತ್ತೆ ಟುಣ್. ಆಮೇಲೆ ಬಿಡುವಿಲ್ಲದೆ ಟುಣ್ ಟುಣ್ ಟುಣ್. ಹನ್ನೊಂದು ಗ್ರೂಪಿನ ಮಂದಿ ಎರಡು ವರ್ಷದಲ್ಲಿ ಮೊದಲ ಸಲ ಅವನ ಫೋಟೋ ಹೊಗಳುತ್ತಿದ್ದರು.

“ಏನಂತ ಹೊಗಳ್ಯಾರೋ ಏನೋ,” ಎಂದ ಮಧುಕೇಶ್ವರ, ಡಬ್ಬಿಯನ್ನೇ ನೋಡುತ್ತ.

“ಇತ್ಲಾಗ ನೋಡಿ ಉಣ್ಣು,” ಎಂದಳು ಅನ್ನಪೂರ್ಣವ್ವ.